ಒಂದೇ ಡೋಸನ್ನು ನಂಬಿದವರಿಗೆ

ಮಳೆಗಾಲ ಮುಗಿಯುತ್ತ ಬಂತು. ಆಟಿ ತಿಂಗಳಿನಿಂದ ಈಚೆಗೆ, ನಾಯಿ ಬೊಗಳಿದ ಹಾಗೆ ಕೆಮ್ಮುವ ಮಕ್ಕಳನ್ನು ಎತ್ತಿಕೊಂಡು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಿಂದ ನಡುರಾತ್ರಿ ಕಾಸರಗೋಡಿಗೆ ಬಂದ ತಾಯಂದಿರಿಗೂ ನಿದ್ದೆಗೆಟ್ಟು ಕರೆತಂದ ಜೀಪು, ರಿಕ್ಷಾದವರಿಗೂ ಮಕ್ಕಳ ವಾರ್ಡಿನಲ್ಲಿ ದುಡಿಯುವ ನಮ್ಮೆಲ್ಲರ ವಂದನೆಗಳು.

ಮೊದಲ ಋಣ ತಾಯಂದಿರದು. ಈ ಬೊಗಳುವ ಕೆಮ್ಮಿನ ಕಾಯಿಲೆಗೆ ಕ್ರೂಪ್ ಎನ್ನುತ್ತಾರೆ. ಅದು ಬಂದಾಗ ಊದಿಕೊಳ್ಳುವುದು ಧ್ವನಿಪೆಟ್ಟಿಗೆಯ ಕೆಳಗಿನ ಜಾಗ. ಅಲ್ಲಿ ಮೃದ್ವಸ್ಥಿ ಬಳೆಯ ಹಾಗೆ ಪೂರ್ತಿ ಸುತ್ತಿಕೊಂಡಿರುತ್ತದೆ. ಊತ ಹೊರಕ್ಕೆ ಹಿಗ್ಗಲಾರದೆ ಉಸಿರಿನ ದಾರಿಯನ್ನೇ ಕಿರಿದು ಮಾಡುತ್ತದೆ. ಮಗು ಅತ್ತು ರಂಪ ಮಾಡಿದಷ್ಟೂ ಉಸಿರು ಕಟ್ಟುವುದು ಹೆಚ್ಚು. ಅದಕ್ಕೇ ನಾವು ಚಮಚ ಒತ್ತಿ ಗಂಟಲು ನೋಡಲಿಲ್ಲ, ಮಗುವನ್ನು ಮಡಿಲಿನಿಂದ ಇಳಿಸಲೂ ಹೇಳಲಿಲ್ಲ. ಗಾಬರಿಯನ್ನು ನುಂಗಿಕೊಂಡು ಮಗುವನ್ನು ಸಮಾಧಾನವಾಗಿ ಕೂರಿಸಿಕೊಂಡಿರಲ್ಲ, ಅದು ಚಿಕಿತ್ಸೆಯ ಅರ್ಧ ಭಾಗ.

ಉಳಿದರ್ಧ ಡೆಕ್ಸಾಮೆಥಸೋನ್, ಊತ ಇಳಿಸುವ ಸ್ಟಿರಾಯ್ಡ್ ಔಷಧಿ. ಕಿಲೋ ತೂಕಕ್ಕೆ 0.6 ಮಿಲಿಗ್ರಾಂ, ಬಾಯಿಯ ಮೂಲಕ, ಒಂದೇ ಸಲ. ಸೌಮ್ಯ ಕ್ರೂಪ್‌ಗೆ 0.15 ಮಿಲಿಗ್ರಾಂ ಕೂಡ ಸಾಕಾಗುತ್ತದೆ. "ಸೂಜಿ ಹಾಕಲಿಲ್ಲವೇ?" ಎಂದು ಕೇಳಿದರೂ ನಮ್ಮ ಮಾತು ನಂಬಿದಿರಿ. ಬಾಯಿಗೆ ಕೊಟ್ಟದ್ದೂ ಸೂಜಿಯಷ್ಟೇ ಕೆಲಸ ಮಾಡುತ್ತದೆ. ಸೂಜಿಯ ಅಳು ಮಾತ್ರ ತಪ್ಪುತ್ತದೆ. ಊತ ಇಳಿಯಲು ಕೆಲವು ಗಂಟೆ ಬೇಕು, ಪರಿಣಾಮ ಎರಡು ದಿನದಷ್ಟು ನಿಲ್ಲುತ್ತದೆ. ಕೊಟ್ಟ ಕೂಡಲೇ ಕಕ್ಕಿದರೆ ಮತ್ತೆ ಕೊಡಬೇಕು. ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದೇ ಬಗೆಯ ಬ್ಯುಡೆಸೊನೈಡ್ 2 ಮಿಲಿಗ್ರಾಂ, ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್‌ನಲ್ಲಿ.

ಔಷಧಿ ಕೊಠಡಿಯವರಿಗೆ ವಿಶೇಷ ಕೃತಜ್ಞತೆ. ಡೆಕ್ಸಾಮೆಥಸೋನ್ ಸೀಸೆಯಲ್ಲಿರುವುದು ಒಂದು ಮಿಲಿಲೀಟರಿಗೆ 4 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 6 ಮಿಲಿಗ್ರಾಂ ಎಂದರೆ 1.5 ಮಿಲಿಲೀಟರ್. ಅವಸರದಲ್ಲಿ "ಆರು" ಎಂದಷ್ಟೇ ಕೇಳಿ 6 ಮಿಲಿಲೀಟರ್ ಎಳೆದರೆ ನಾಲ್ಕು ಪಟ್ಟು ಹೋಗುತ್ತದೆ. ಪ್ರತಿ ಚೀಟಿಯಲ್ಲೂ ತೂಕ, ಮಿಲಿಗ್ರಾಂ, ಮಿಲಿಲೀಟರ್ ಮೂರನ್ನೂ ಬರೆಸಿಕೊಂಡೇ ಔಷಧಿ ಕೊಟ್ಟ ನಿಮ್ಮ ಹಟ ನಮಗೆ ದೊಡ್ಡ ರಕ್ಷಣೆ.

ಕೊನೆಯ ಬಸ್ಸು ತಪ್ಪಿದರೂ ಕಾದು ಕುಳಿತ ಮನೆಯವರನ್ನು ಮರೆಯಲಾರೆವು. ಸುಮ್ಮನಿದ್ದಾಗಲೂ ಉಸಿರೆಳೆಯುವಾಗ ಕರ್ಕಶ ಸದ್ದು, ಪಕ್ಕೆಲುಬಿನ ಕೆಳಗೆ ಒಳಸೆಳೆತ ಇದ್ದ ಮಕ್ಕಳಿಗೆ ಊತವನ್ನು ಬೇಗ ಕುಗ್ಗಿಸುವ ಅಡ್ರಿನಾಲಿನ್ ನೆಬ್ಯುಲೈಸ್ ಮಾಡುತ್ತೇವೆ: ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ದ್ರಾವಣ, ಕಿಲೋಗೆ 0.5 ಮಿಲಿಲೀಟರ್, ಹೆಚ್ಚೆಂದರೆ 5 ಮಿಲಿಲೀಟರ್. ಅರ್ಧ ಗಂಟೆಯೊಳಗೆ ಮಗು ಆಡತೊಡಗುತ್ತದೆ, "ಹುಷಾರಾಯಿತು, ಹೊರಡೋಣ" ಅನ್ನಿಸುತ್ತದೆ. ಆದರೆ ಎರಡು ಗಂಟೆಯಲ್ಲಿ ಅದರ ಬಲ ಇಳಿದು ಸದ್ದು ಮರಳಬಹುದು. ಮೂರು ನಾಲ್ಕು ಗಂಟೆ ಉಳಿಯಿರಿ ಎಂದದ್ದು ಅದಕ್ಕೇ.

ಆವಿ ಹಿಡಿಸುವುದನ್ನು ಬಿಟ್ಟುಕೊಟ್ಟ ಅಜ್ಜಿಯಂದಿರಿಗೂ ನಮಸ್ಕಾರ. ಅದರಿಂದ ಊತ ಇಳಿಯದು, ಮೈ ಸುಡುವ ಅಪಾಯವೇ ಹೆಚ್ಚು. ವೈರಸ್ಸಿನ ಕಾಯಿಲೆಯಾದ್ದರಿಂದ ಆಂಟಿಬಯಾಟಿಕ್ ಕೇಳಿ ಯಾರೂ ಜಗಳ ಮಾಡಲಿಲ್ಲ, ಅದೂ ಉಪಕಾರವೇ. ಮನೆಮನೆ ಹತ್ತಿಳಿದು ಐದು ಕಾಯಿಲೆ ತಡೆಯುವ ಪೆಂಟಾವಲೆಂಟ್ ಲಸಿಕೆ ಹಾಕಿಸುವ ಆಶಾ ಕಾರ್ಯಕರ್ತೆಯರೇ, ಕ್ರೂಪ್‌ನಂತೆ ಕಂಡು ಅದಕ್ಕಿಂತ ಭೀಕರವಾದ ಗಂಟಲಮಾರಿಯನ್ನೂ (ಡಿಫ್ತೀರಿಯಾ) ಹಿಬ್ ಎಂಬ ಬ್ಯಾಕ್ಟೀರಿಯಾದ ಸೋಂಕನ್ನೂ ತಡೆಯುತ್ತಿರುವುದು ನೀವು.

ಜೊಲ್ಲು ಸುರಿಸುವ, ನುಂಗಲಾಗದ, ತುಟಿ ನೀಲಿಯಾದ ಅಥವಾ ಆಡುತ್ತಿದ್ದಾಗಲೇ ಉಸಿರು ಕಟ್ಟಿದ ಮಗುವಾದರೆ ಬೆಳಗಾಗುವ ತನಕ ಕಾಯಬೇಡಿ, ಕೂಡಲೇ ಹೊರಡಿ. ಮನೆಯಲ್ಲಿ ಉಳಿದ ಮಾತ್ರೆ ಕೊಡಬೇಡಿ. ಹಳೆಯ ಚೀಟಿ ಇದ್ದರೆ ತನ್ನಿ, ಆದರೆ ತೂಕ ಮತ್ತೆ ನೋಡಿಯೇ ಔಷಧಿ ಅಳೆಯುತ್ತೇವೆ.