ಏಡಿ ಬಿಲಗಳನ್ನು ಮಳೆಗೆ ಮೊದಲೇ ಮುಚ್ಚಿ

ಮಾನ್ಯ ಸಂಪಾದಕರೇ,

ಕಾವೇರಿ ದಂಡೆಯ ಮಣ್ಣಿನ ಏರಿಯ ಹಿಂದೆಯೇ ನಮ್ಮ ಮನೆ. 2019ರ ಆಗಸ್ಟ್‌ನಲ್ಲಿ ನೀರು ಕಿಟಕಿಯವರೆಗೆ ಬಂದಿತ್ತು. ಗೋಡೆಯ ಮೇಲಿನ ಆ ಕೆಸರಿನ ಗೆರೆ ಎರಡು ಸಲ ಸುಣ್ಣ ಬಳಿದರೂ ಹೋಗಿಲ್ಲ.

ಈಗ ಏರಿಯ ತುಂಬ ಹೆಬ್ಬೆರಳು ತೂರುವಷ್ಟು ಅಗಲದ ಏಡಿ ಬಿಲಗಳು. ಹೊಳೆ ತುಂಬಿದಾಗ ನೀರು ಇಂಥ ಬಿಲಗಳಲ್ಲಿ ಜಿನುಗಿ ಮಣ್ಣನ್ನು ಒಳಗಿನಿಂದಲೇ ಕೊರೆಯುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಸ್ವಲ್ಪ ಸಮಾಧಾನ. ಕೆಸರಾಗತೊಡಗಿದರೆ ಏರಿ ಒಡೆಯುವ ಲಕ್ಷಣ. ಮೋರಿಯ ಬಾಗಿಲೂ ತುಕ್ಕು ಹಿಡಿದು ಅರ್ಧ ತೆರೆದೇ ನಿಂತಿದೆ, ಹೊಳೆ ಅಲ್ಲಿಂದಲೇ ಒಳನುಗ್ಗುತ್ತದೆ.

ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ) ಮಳೆ ಹಿಡಿದ ಮೇಲೆ ಹಸಿ ಮಣ್ಣು ಗಟ್ಟಿ ಕೂರುವುದಿಲ್ಲ. ಸಂಬಂಧಪಟ್ಟವರು ದಯವಿಟ್ಟು ಮುಂಗಾರಿಗೆ ಮೊದಲೇ ಬಿಲಗಳಿಗೆ ಜೇಡಿಮಣ್ಣು ತುಂಬಿ ದಮ್ಮಸ್ಸು ಮಾಡಿಸಲಿ, ಮೋರಿಯ ಬಾಗಿಲನ್ನು ಸರಿಪಡಿಸಲಿ.

– ನದಿ ದಂಡೆಯ ನಿವಾಸಿ, ಕೊಡಗು