ಇಂದೋರ್‌ನ ಲೇಸರ್ ಲ್ಯಾಬಿಗೆ ಹತ್ತು ವರ್ಷದ ಭರವಸೆ ಕೊಡಿ: ಕೇಂದ್ರ ಸಚಿವರಿಗೆ ಬಹಿರಂಗ ಪತ್ರ

ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಹಾಗೂ ಅಣುಶಕ್ತಿ ಇಲಾಖೆಗಳ ಮಾನ್ಯ ಸಚಿವರಿಗೆ,

ನಮಸ್ಕಾರ. ಜಿನೀವಾದ ಕಣ ಭೌತವಿಜ್ಞಾನ ಸಂಸ್ಥೆ ಸರ್ನ್‌ನಲ್ಲಿ ಭಾರತ 2017ರಿಂದ ಸಹಸದಸ್ಯ ದೇಶ. ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಅಲ್ಲಿನ ಎಲ್‌ಎಚ್‌ಸಿ ಯಂತ್ರದ ಸುರಂಗ 27 ಕಿ.ಮೀ. ಮುಂದಿನದು ಸುಮಾರು 91 ಕಿ.ಮೀ. ಇರಲಿ ಅಂತ ಯೋಜನೆ ಹಾಕಿದ್ದಾರೆ. ಅಂಥದ್ದನ್ನು ನಾವೊಬ್ಬರೇ ಕಟ್ಟಲು ಆಗುವುದಿಲ್ಲ, ನಿಜ. ಆದರೆ ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವ ಯಂತ್ರಗಳನ್ನು ತುಂಬಾ ಗಿಡ್ಡ ಮಾಡುವ ದಾರಿಯೊಂದಿದೆ: ಪ್ಲಾಸ್ಮಾ ವೇಗವರ್ಧಕ. ಅದರಲ್ಲಿ ನಾವು ಹಿಂದೆ ಬೀಳಬಾರದು.

ಈಗಿನ ಯಂತ್ರಗಳಲ್ಲಿ ಕಣಗಳನ್ನು ತಳ್ಳುವುದು ಲೋಹದ ಪೊಳ್ಳು ಡಬ್ಬಿಗಳೊಳಗಿನ ವಿದ್ಯುತ್ ಕ್ಷೇತ್ರ. ಮೀಟರಿಗೆ 100 ಮೆಗಾವೋಲ್ಟ್ ಆಸುಪಾಸಿನಲ್ಲಿ ಲೋಹವೇ ಕಿಡಿ ಕಾರತೊಡಗುತ್ತದೆ. ಪ್ಲಾಸ್ಮಾ ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬೇರ್ಪಟ್ಟ ಅನಿಲ. ಅದರಲ್ಲಿ ಪರಮಾಣುಗಳು ಮೊದಲೇ ಒಡೆದಿರುತ್ತವೆ, ಆ ಭಯವಿಲ್ಲ. ಅದರೊಳಗೆ ಜೋರಾದ ಲೇಸರ್ ಮಿಂಚು ಹಾಯಿಸಿದರೆ, ಕೆರೆಯಲ್ಲಿ ದೋಣಿ ಹೋದಾಗ ಹಿಂದೆ ಅಲೆ ಏಳುವ ಹಾಗೆ, ಎಲೆಕ್ಟ್ರಾನ್‌ಗಳ ಅಲೆ ಏಳುತ್ತದೆ. ಆ ಅಲೆಯ ಬೆನ್ನೇರಿದ ಕಣ ನೂರಾರು ಪಟ್ಟು ಬಿರುಸಾಗಿ ಶಕ್ತಿ ಪಡೆಯುತ್ತದೆ. ಭೌತವಿಜ್ಞಾನಿಗಳಾದ ತಜಿಮಾ ಮತ್ತು ಡಾಸನ್ 1979ರಲ್ಲೇ ಇದನ್ನು ಲೆಕ್ಕ ಹಾಕಿ ಹೇಳಿದ್ದರು.

ಲೇಸರ್ ಬದಲು ಕಣಗಳ ಗೊಂಚಲನ್ನೇ ಹಾಯಿಸಿದರೂ ಅಲೆ ಏಳುತ್ತದೆ. ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ ನೋಡಿ. ಕ್ಯಾಲಿಫೋರ್ನಿಯಾದ ಆ 3 ಕಿ.ಮೀ. ಯಂತ್ರದಿಂದ 42 ಜಿಇವಿ (4,200 ಕೋಟಿ ಎಲೆಕ್ಟ್ರಾನ್‌ವೋಲ್ಟ್) ಶಕ್ತಿಯ ಎಲೆಕ್ಟ್ರಾನ್‌ಗಳು ಬಂದವು. ಬರೀ 85 ಸೆಂ.ಮೀ. ಲಿಥಿಯಂ ಪ್ಲಾಸ್ಮಾ ದಾಟುವಷ್ಟರಲ್ಲಿ ಕೆಲವುಗಳ ಶಕ್ತಿ ಎರಡರಷ್ಟಾಯಿತು. ಕೆಲವುಗಳದ್ದು ಮಾತ್ರ. ಗೊಂಚಲಿನ ಹೆಚ್ಚಿನ ಪಾಲು ಅಲೆ ಎಬ್ಬಿಸುವುದರಲ್ಲೇ ಶಕ್ತಿ ಕಳೆದುಕೊಂಡಿತು. ಈ ಮಾತನ್ನು ಮುಚ್ಚಿಟ್ಟು ನಿಮ್ಮ ಬಳಿ ಹಣ ಕೇಳುವುದು ಸರಿಯಲ್ಲ.

ತೊಡಕುಗಳು ಇನ್ನೂ ಇವೆ. ಅಲೆಯ ಹಿಂದೆ ಉಳಿಯುವ ಧನ ಅಯಾನುಗಳು ಎಲೆಕ್ಟ್ರಾನ್‌ಗಳನ್ನು ಒಟ್ಟಿಗೆ ಹಿಡಿದಿಡುತ್ತವೆ, ಅವುಗಳ ಧನ ಜೋಡಿಗಳಾದ ಪಾಸಿಟ್ರಾನ್‌ಗಳನ್ನು ಚದುರಿಸಿಬಿಡುತ್ತವೆ. ಇವೆರಡನ್ನು ಎದುರುಬದುರು ಡಿಕ್ಕಿ ಹೊಡೆಸುವ ಕೊಲೈಡರ್‌ಗೆ ಎರಡೂ ಬೇಕಲ್ವಾ? ಅದಕ್ಕೇ 2023ರಲ್ಲಿ ಬಂದ ಎಚ್‌ಎಎಲ್‌ಎಚ್‌ಎಫ್ ಎಂಬ ಕೊಲೈಡರ್ ಪ್ರಸ್ತಾವದಲ್ಲಿ ಎಲೆಕ್ಟ್ರಾನ್‌ಗೆ ಪ್ಲಾಸ್ಮಾ, ಪಾಸಿಟ್ರಾನ್‌ಗೆ ಹಳೇ ವಿಧಾನ. ಆಗಲೂ ಕಾಗದದ ಮೇಲೆ ಇಡೀ ಯಂತ್ರ 3.3 ಕಿ.ಮೀ.ಗೆ ಇಳಿಯಿತು. ಇನ್ನೊಂದು ಕಷ್ಟ: ಇಂದಿನ ದೊಡ್ಡ ಲೇಸರ್‌ಗಳು ಸೆಕೆಂಡಿಗೆ ಒಂದೋ ಹತ್ತೋ ಸಲ ಮಿಂಚುತ್ತವೆ. ಬೇಕಿರುವುದು ಸಾವಿರಾರು ಸಲ.

ಇವೆಲ್ಲ ಒಂದು ಕೋಣೆಯಲ್ಲಿ ಕೂತು ಬಿಡಿಸಬಹುದಾದ ಲೆಕ್ಕಗಳು. ಅದಕ್ಕೆ ಸುರಂಗ ಬೇಕಿಲ್ಲ. ತುಮಕೂರು ಜಿಲ್ಲೆಯ ಮಗ, ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರಿನ ಇಂದೋರ್ ಕೇಂದ್ರದಲ್ಲಿ 150 ಟೆರಾವಾಟ್ ಲೇಸರ್ ಇದೆ, ಪ್ಲಾಸ್ಮಾದಲ್ಲಿ ಎಲೆಕ್ಟ್ರಾನ್ ಓಡಿಸುವ ಪ್ರಯೋಗಗಳೂ ಅಲ್ಲಿ ನಡೆದಿವೆ. ಎರಡು-ಮೂರು ವರ್ಷದ ಪ್ರಾಜೆಕ್ಟ್ ಹಣದಲ್ಲಿ ಇಂಥ ಕೆಲಸ ಕೈಗೂಡುವುದಿಲ್ಲ. ವಿದ್ಯಾರ್ಥಿ ಕೈ ಪಳಗಿಸಿಕೊಳ್ಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಎರಡೇ. ಪ್ಲಾಸ್ಮಾ ವೇಗವರ್ಧಕ ಸಂಶೋಧನೆಗೆ ಹತ್ತು ವರ್ಷದ ಪ್ರತ್ಯೇಕ ಅನುದಾನ ಘೋಷಿಸಿ. ಆ ಲೇಸರ್ ಓಡುವ ಸಮಯದಲ್ಲಿ ಒಂದು ಪಾಲನ್ನು ರಾಜ್ಯ ವಿಶ್ವವಿದ್ಯಾಲಯಗಳ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮೀಸಲಿಡಿ. ಮುಂದಿನ ಬಜೆಟ್ ತಯಾರಿಗೆ ಮೊದಲೇ ಉತ್ತರ ಕೊಡುತ್ತೀರೆಂದು ನಂಬಿದ್ದೇನೆ.

ಇಂತಿ,
ವಿಜ್ಞಾನದ ಮೇಲೆ ಪ್ರೀತಿಯಿರುವ ಒಬ್ಬ ಕನ್ನಡಿಗ