ಮನೆ ನೆನಪೇ ಆಗುದಿಲ್ಲ ಅಂತ ಬರೆದಿದ್ದೀಯಲ್ಲ

ಪುಟ್ಟಿ,

ನಿನ್ನ ಮೇಲ್ ಮೊನ್ನೆ ರಾತ್ರಿ ಓದಿದೆ, ಬೆಳಿಗ್ಗೆ ಕಾಫಿ ಕುಡಿಯುವಾಗ ಇನ್ನೊಮ್ಮೆ ಓದಿದೆ, ಅತ್ತೆ ಕೇಳಿದ್ಲು ಅಷ್ಟು ಓದ್ಲಿಕ್ಕೆ ಎಂತ ಉಂಟು ಅದರಲ್ಲಿ ಅಂತ, ಎಂತ ಇಲ್ಲ ಅಂದೆ. ಸಂಬಳ, ಮದುವೆ, ಥಾಯ್ಲೆಂಡ್-ಕಾಂಬೋಡಿಯಾ ಗಡಿ ಬದಿಯ ಗಲಾಟೆ, ಅದೆಲ್ಲ ಅಕ್ಕ ದಿನಾ ಫೋನಲ್ಲಿ ಹೇಳ್ತಾಳೆ, ನಾನು ಪುನಃ ಶುರು ಮಾಡುದಿಲ್ಲ. ಆದ್ರೆ ಕೊನೆಗೆ, ಬೈ ಅಂತ ಹಾಕಿದ ಮೇಲೆ ಕೆಳಗೆ ಒಂದು ಸಾಲು ಬರೆದಿದ್ದೀಯಲ್ಲ, "ಮಾವ, ನಂಗೆ ಇಲ್ಲಿ ಎಷ್ಟು ಖುಷಿ ಅಂದ್ರೆ ಮನೆ ನೆನಪೇ ಆಗುದಿಲ್ಲ, ನಂಗೆ ಎಂತಾದ್ರೂ ಆಗಿದ್ಯಾ?" ಅಂತ. ಅದೊಂದು ತಲೆಯಿಂದ ಹೋಗ್ತಾ ಇಲ್ಲ.

ಸುಳ್ಳು ಯಾಕೆ, ಮೊದಲು ಬೇಜಾರೇ ಆಯ್ತು. ಇಲ್ಲಿ ಇಷ್ಟು ಜನ ಇದ್ದೇವೆ, ಒಬ್ರೂ ನೆನಪಾಗುದಿಲ್ವಾ ಇವಳಿಗೆ ಅಂತ. ಆಮೇಲೆ ಮೇಲೆ ಬರೆದದ್ದನ್ನು ಸರಿ ಓದಿದೆ. ವಾಯ್ ಖ್ರೂ ದಿವಸದ್ದು, ನಿಮ್ಮ ಶಾಲೆಯಲ್ಲಿ ಮಕ್ಕಳು ಟೀಚರುಗಳಿಗೆ ನಮಸ್ಕಾರ ಮಾಡುವ ದಿವಸ. ಗುರುವಾರ ಬೆಳಿಗ್ಗೆ ಮಕ್ಕಳು ಹೂ ಜೋಡಿಸಿದ ತಟ್ಟೆ ಹಿಡ್ಕೊಂಡು ಮೊಣಕಾಲೂರಿ ಬಂದದ್ದು, ತಟ್ಟೆಯಲ್ಲಿ ಗರಿಕೆ, ಕೇಪಳ ಹೂ, ಬದನೆ ಹೂ ಇದ್ದದ್ದು, ಗರಿಕೆ ಹಬ್ಬಿದ ಹಾಗೆ ವಿದ್ಯೆ ಹಬ್ಬಲಿ, ಕೇಪಳದ ಮೊಗ್ಗಿನ ಹಾಗೆ ಬುದ್ಧಿ ಚೂಪಾಗಲಿ, ಬದನೆ ಹೂವಿನ ಹಾಗೆ ತಲೆ ಬಗ್ಗಿರಲಿ ಅಂತ ಅರ್ಥ ಅಂತೆ. ನೀನು ಅದನ್ನು ಹುಲ್ಲು ಅಂತ ಬರೆದಿಲ್ಲ ಮಾರಾಯ್ತಿ, ಗರಿಕೆ ಅಂತ ಬರೆದಿದ್ದೀ. ಚೌತಿ ದಿವಸ ಅಜ್ಜಿ ನಿನ್ನನ್ನೇ ಅಲ್ವಾ ಗದ್ದೆ ಕಟ್ಟಪುಣಿಗೆ ಕಳಿಸ್ತಿದ್ದದ್ದು, ಮೂರೆಸಳಿಂದು ನೋಡಿ ಕೊಯ್ದು ತಾ ಅಂತ? ನೆನಪೇ ಇಲ್ಲದವಳಿಗೆ ಅದರ ಹೆಸರು ಅಷ್ಟು ಸಲೀಸಾಗಿ ಬರ್ತದಾ?

ಇರ್ಲಿ. ನಾನು ವಕೀಲನ ಹಾಗೆ ವಾದ ಮಾಡ್ಲಿಕ್ಕೆ ಕೂತದ್ದಲ್ಲ.

2024ರ ನವೆಂಬರಲ್ಲಿ ನಾನು ಸುರಿನ್‌ಗೆ ಬಂದಾಗ 18 ದಿವಸ ನಿನ್ನನ್ನು ನೋಡಿದವ ನಾನೊಬ್ಬನೇ, ಅದಕ್ಕೇ ನಂಗೆ ಬರೆದದ್ದೋ ಏನೋ. ಬ್ಯಾಂಕಾಕಿಂದ 400 ಚಿಲ್ಲರೆ ಕಿಲೋಮೀಟರ್ ರೈಲಲ್ಲಿ ಕೂತು ಬರುವಾಗ ನಂಗೆ ಒಂದೇ ಯೋಚನೆ, ಈ ಹುಡುಗಿ ಆ ಕೊಂಪೆಯಲ್ಲಿ ಸೊಪ್ಪು ಅನ್ನ ತಿಂದು ಒಬ್ಳೇ ಅಳ್ತಾ ಇರ್ಬಹುದು ಅಂತ. ನೀನು ಸ್ಟೇಷನ್‌ಗೆ ಸ್ಕೂಟರ್ ತಂದು (ಹೆಲ್ಮೆಟ್ ಕನ್ನಡಿಗೆ ನೇತು ಹಾಕಿದ್ದಿ, ತಲೆಯಲ್ಲಿ ಇರ್ಲಿಲ್ಲ, ನಾನು ಅಕ್ಕನಿಗೆ ಹೇಳಿಲ್ಲ, ಆದ್ರೂ ಹಾಕ್ಕೊಳ್ಳೇ ಪ್ಲೀಸ್) ಸೀದಾ ಸಂಜೆ ಮಾರ್ಕೆಟಿಗೆ ಕರ್ಕೊಂಡು ಹೋದಿ. ಅಲ್ಲಿ ಆರು ಗಂಟೆಗೆ ರಾಷ್ಟ್ರಗೀತೆ ಹಾಕಿದ್ರು ನೋಡು, ಎಲ್ಲರೂ ನಿಂತಲ್ಲೇ ನಿಂತ್ರು, ನಾನೊಬ್ಬ ಪೆದ್ದನ ಹಾಗೆ ಬಾಳೆಹಣ್ಣು ಕೈಯಲ್ಲಿ ಎತ್ತಿ ಎಷ್ಟು ಎಷ್ಟು ಅಂತ ಕೇಳ್ತಾ ಇದ್ದೆ, ನೀನು ಶರ್ಟ್ ಎಳೆದಿ. ಗೀತೆ ಮುಗಿದ ಕೂಡ್ಲೇ ಆ ಹೆಂಗಸು ನಗ್ತಾ ಎರಡು ಬಾಳೆಹಣ್ಣು ಜಾಸ್ತಿ ಹಾಕಿದ್ಲು.

ಮತ್ತೆ ಆ ಖನೋಮ್ ಕ್ರೋಕ್ ಮಾಡುವವಳು. ನಮ್ಮ ಅಪ್ಪದ ಕಾವಲಿಯೇ, ಗುಳಿ ಗುಳಿ, ನೀರು ಮಾಡಿದ ಅಕ್ಕಿ ಹಿಟ್ಟು, ಮೇಲಿಂದ ತೆಂಗಿನ ಹಾಲು. ಅಂಚು ಗರಿಗರಿ ಆಗುವವರೆಗೆ ಮುಚ್ಚಿ, ಚಮಚದಲ್ಲಿ ಸುತ್ತ ಬಿಡಿಸಿ, ಒಂದರ ಮೇಲೆ ಒಂದು ಕವುಚಿ ಹಾಕಿ, ಬಾಳೆಎಲೆಯಲ್ಲಿ ಕೊಟ್ಲು. ಒಳಗೆ ಇನ್ನೂ ನೀರು ನೀರು, ನನ್ನ ನಾಲಗೆ ಸುಟ್ಟು ಎರಡು ದಿವಸ ಸಾಂಬಾರಿನ ರುಚಿಯೇ ಗೊತ್ತಾಗ್ಲಿಲ್ಲ. ನಂಗೆ ಅಲ್ಲಿ ಅಮ್ಮನ ನೆನಪು ಬಂತು. ನಿಂಗೆ ಬಂದಿರ್ಲಿಕ್ಕಿಲ್ಲ, ನೀನು ಅದನ್ನು ವಾರಕ್ಕೆ ಮೂರು ಸಲ ತಿನ್ನುವವಳು. ಅಷ್ಟೇ ವ್ಯತ್ಯಾಸ ಅಂತ ಕಾಣ್ತದೆ ನಂಗೆ. ನೆನಪು ಬರ್ಬೇಕಾದ್ರೆ ಎಂತದೋ ಒಂದು ಇಲ್ಲದೆ ಆಗ್ಬೇಕು, ನಿಂಗೆ ಅಲ್ಲಿ ಎಲ್ಲ ಉಂಟು. ಪಕ್ಕದ ಮನೆಯ ಯಾಯ್, ಅಂದ್ರೆ ಅಜ್ಜಿ, ಬೆಳಿಗ್ಗೆ ಗೇಟಿಂದಲೇ "ಕಿನ್ ಖಾವ್ ರೂ ಯಾಂಗ್" ಅಂತ ಕೂಗ್ತಾರೆ, ಊಟ ಆಯ್ತಾ ಅಂತಲೇ ಅದರ ಅರ್ಥ ಅಂತ ನೀನು ಹೇಳಿದಾಗ ನಾನು ಎಷ್ಟು ನಗಾಡಿದೆ. ಅಷ್ಟು ದೂರ ಹೋಗಿ ಕೂಡ ಅದೇ ಪ್ರಶ್ನೆ.

ಈಗ ನನ್ನ ಕಥೆ ಹೇಳ್ತೇನೆ, ನಿಂಗೆ ಬೇಡ ಅಂದ್ರೆ ಈ ಭಾಗ ಬಿಟ್ಟು ಓದು.

ನಾನು ಒಮಾನಲ್ಲಿ 14 ವರ್ಷ ಇದ್ದದ್ದು ಎಲ್ಲರಿಗೂ ಗೊತ್ತುಂಟು, ನಿಜ್ವಾದಲ್ಲಿ ಅಂಗಡಿ ಲೆಕ್ಕ ಬರೀತಿದ್ದದ್ದೂ ಗೊತ್ತುಂಟು. ಗೊತ್ತಿಲ್ಲದ್ದು ಎಂತ ಅಂದ್ರೆ ನಾನು ಅಲ್ಲಿ ಬದುಕಲೇ ಇಲ್ಲ. ರೂಮಲ್ಲಿ ಕ್ಯಾಲೆಂಡರ್ ನೇತು ಹಾಕಿ ದಿವಸಕ್ಕೊಂದು ಗೀಟು ಎಳೀತಿದ್ದೆ. ಶುಕ್ರವಾರ ಬೆಳಿಗ್ಗೆ ಕೋಟೆ ಹತ್ರ ಆಡಿನ ಸಂತೆ, ಆಡುಗಳನ್ನು ಸುತ್ತು ಸುತ್ತು ನಡೆಸಿ ಏಲಂ ಕೂಗುದು, ದೂರದಿಂದೆಲ್ಲ ಜನ ನೋಡ್ಲಿಕ್ಕೆ ಬರ್ತಾರೆ, ನಾನು 14 ವರ್ಷದಲ್ಲಿ ಹೋದದ್ದು ಒಂದೇ ಸಲ, ಅದೂ ಧಣಿಯ ಕೆಲಸಕ್ಕೆ. ಹಿಂದಿನ ತೋಟದ ಮುದುಕರು ಪ್ರತಿ ಬೇಸಿಗೆ ಖರ್ಜೂರ ಇಳಿಸುವಾಗ ಬಾ ಕೂತ್ಕೋ, ಕಾವಾ (ಅಲ್ಲಿಯ ಕಾಫಿ) ಕುಡಿ ಅಂತ ಕರೀತಿದ್ರು, ನಾನು ಪ್ರತಿ ಸಲ ನಾಳೆ ಅಂತ ಹೇಳ್ತಿದ್ದೆ. ಯಾಕೆ ಅಂದ್ರೆ ನಿನ್ನದೇ ಹೆದರಿಕೆ. ಇಲ್ಲಿ ಖುಷಿ ಆದ್ರೆ ಊರಿಗೆ ದ್ರೋಹ ಮಾಡಿದ ಹಾಗೆ, ಅಮ್ಮ ಅಲ್ಲಿ ಬೆನ್ನು ನೋವಲ್ಲಿ ಅಡಿಕೆ ಹೆಕ್ಕುವಾಗ ನಾನು ಇಲ್ಲಿ ಖರ್ಜೂರದ ಮರದ ನೆರಳಲ್ಲಿ ಕೂತು ಕಾವಾ ಕುಡೀಲಿಕ್ಕುಂಟಾ ಅಂತ. ಒಂದು ವರ್ಷ ಬೇಸಿಗೆಗೆ ಆ ಮುದುಕರು ಕರೀಲಿಲ್ಲ, ತೀರಿ ಹೋಗಿದ್ರು.

ತಿಂಗಳಿಗೊಮ್ಮೆ ಪಕ್ಕದ ಮನೆಗೆ ಫೋನ್ ಮಾಡಿ ಅಮ್ಮನನ್ನು ಕರೆಸ್ತಿದ್ದೆ. ಅವಳು ಮೊದಲು ಕೇಳುದೇ "ಎಂತ ತಿಂದೆ ಮಗಾ ಇವತ್ತು? ಅಲ್ಲಿ ಜನ ಹೇಗೆ?" ಅಂತ. ಕಥೆ ಅಂದ್ರೆ ಪ್ರಾಣ ಅವಳಿಗೆ, ನಿಂಗೂ ಗೊತ್ತಲ್ಲ. ನಾನು ಅನ್ನ ಸಾರು ಅಂತ ಹೇಳಿ, ದುಡ್ಡು ಸಿಕ್ಕಿತಾ ಅಂತ ಕೇಳಿ, ಸೆಕೆ ಅಂತ ಗೊಣಗಿ ಇಡ್ತಿದ್ದೆ. ಮಗ ಮರುಭೂಮಿಯಲ್ಲಿ ಬೇಯ್ತಾ ಇದ್ದಾನೆ ಅಂತ ಅವಳು ಕೊನೆವರೆಗೆ ಕೊರಗಿದ್ಲಂತೆ, ಅಕ್ಕ ಹೇಳಿದ್ದು. ಆ ಖರ್ಜೂರದ ತೋಟಕ್ಕೆ ಫಲಜ್ ನೀರು, ಅಂದ್ರೆ ಅಲ್ಲಿಯ ಹಳೇ ಕಾಲುವೆ ನೀರು, ಹೇಗೆ ಸರದಿ ಮೇಲೆ ಬಿಡ್ತಾರೆ ಅಂತ ಹೇಳಿದ್ರೆ, ನಮ್ಮ ಗುಡ್ಡೆ ಕೊರೆದ ಸುರಂಗದ ನೀರು, ಕಣಿ ಬಿಡಿಸಿ ತೋಟಕ್ಕೆ ತಿರುಗಿಸುದು ಎಲ್ಲ ಗೊತ್ತಿದ್ದ ಅವಳು ಅರ್ಧ ಗಂಟೆ ಕೇಳ್ತಿದ್ಲು. ಅದು ನಂಗೆ ಹೊಳೆದದ್ದು ಅವಳ ವರ್ಷಾಂತಿಕ ಕಳೆದ ಮೇಲೆ. ನಿಂಗೆ ಇದನ್ನು ಯಾಕೆ ಹೇಳಿದೆನೋ, ಬರೆದಾಗಿದೆ, ಇರ್ಲಿ.

ಹಾಗೆ ನಿನ್ನ ಪ್ರಶ್ನೆಗೆ ಬಂದ್ರೆ, ನಿಂಗೆ ಎಂತದೂ ಆಗಿಲ್ಲ ಅಂತಲೇ ನಂಗೆ ಕಾಣುದು. ಆದ್ರೆ ನೂರಕ್ಕೆ ನೂರು ಹೇಳ್ಲಿಕ್ಕೆ ನಾನು ಯಾರು, ಖುಷಿಯಾಗಿದ್ದು ಅಭ್ಯಾಸ ಇಲ್ಲದವ. ನೀನು ನನ್ನನ್ನು ಸೀಖೊರಾಫುಮ್ ದೇವಸ್ಥಾನಕ್ಕೆ ಕರ್ಕೊಂಡು ಹೋದದ್ದು ನೆನಪುಂಟಲ್ಲ, ಐದು ಇಟ್ಟಿಗೆ ಗೋಪುರ, ಬಾಗಿಲ ಮೇಲಿನ ಕಲ್ಲಲ್ಲಿ ಹತ್ತು ಕೈಯ ನಟರಾಜ. ನಾನು ಕೈ ಮುಗಿದು ಕಣ್ಣಲ್ಲಿ ನೀರು ಹಾಕ್ಕೊಂಡೆ, ನಮ್ಮ ದೇವರು ಇಷ್ಟು ದೂರ ಬಂದು ಕೂತಿದ್ದಾನೆ ಅಂತ. ನೀನು ಹಿಂದಿಂದ ಐಸ್‌ಕ್ರೀಮ್ ತಿನ್ನುತ್ತಾ, ಮಾವ, ಇವನು ಇಲ್ಲಿಗೆ ಬಂದು 900 ವರ್ಷ ಆಯ್ತು, ಇಲ್ಲಿಯವನೇ ಅಂದಿ. ಆಗ ನಂಗೆ ಸ್ವಲ್ಪ ಸಿಟ್ಟು ಬಂದಿತ್ತು. ಈಗ ಇಲ್ಲ. ಸ್ವಲ್ಪ ಉಂಟು.

ಎಂತ ಮಾಡ್ಬೇಕು ಅಂತ ಕೇಳಿದ್ರೆ ನನ್ನ ಹತ್ರ ದೊಡ್ಡದು ಎಂತ ಇಲ್ಲ. ಇಮಿಗ್ರೇಶನ್‌ನವರಿಗೆ ಕೊಡುವ 90 ದಿವಸದ ರಿಪೋರ್ಟ್ ತಾರೀಕು ಬರೆದಿಟ್ಕೋ, ಹೋದ ಸಲದ ಹಾಗೆ ಕೊನೆ ದಿವಸ ಓಡ್ಬೇಡ. ಈಗ ಮಳೆ, ಸಂಜೆ ಸೊಳ್ಳೆಗೆ ಉದ್ದ ತೋಳಿಂದು ಹಾಕ್ಕೋ, ಡೆಂಗಿ ಅಲ್ಲೂ ಉಂಟು ಇಲ್ಲೂ ಉಂಟು. ನಾಂ ಪ್ಲಾ (ಆ ಮೀನಿನ ಸಾಸ್) ಹಾಕ್ಬೇಡಿ ಅಂತ ಹೇಳುದು ಬಿಟ್ಟಿದ್ದೀಯಾ ಏನೋ, ಅದು ನಿನ್ನಿಷ್ಟ, ಅಕ್ಕನ ಹತ್ರ ಮಾತ್ರ ಬಾಯಿ ಬಿಡ್ಬೇಡ. ಮತ್ತೆ ಅವಳಿಗೆ ಫೋನ್ ಮಾಡುವಾಗ ನಾನು ಹುಷಾರು ಅಂತ ಒಂದೇ ಮಾತಲ್ಲಿ ಮುಗಿಸ್ತೀಯಂತೆ. ಖುಷಿ ಉಂಟು ಅಂತ ಹೇಳ್ಲಿಕ್ಕೆ ಹೆದರಿ ಹಾಗೆ ಮಾಡ್ತೀ ಅಂತ ಈಗ ಗೊತ್ತಾಯ್ತು ನಂಗೆ. ಆ ಯಾಯ್ ಮನೆ ಕೆಳಗೆ ಕೂತು ಕುದಿಯುವ ಮಡಕೆಯಿಂದ ಹಳದಿ ರೇಷ್ಮೆ ಗೂಡಿನ ನೂಲು ತೆಗೆಯುದು ಅವಳಿಗೆ ಹೇಳು. ರಸ್ತೆ ಬದಿ ನೀಲಿ ಬಲೆ ಹಾಸಿ ಹೊಸ ಭತ್ತ ಒಣಗಿಸುದು, ಆ ಪರಿಮಳ, ನಾನು ಮೂರು ದಿವಸ ಅದೇ ರಸ್ತೆಯಲ್ಲಿ ವಾಕಿಂಗ್ ಹೋದದ್ದು, ಎಲ್ಲ ಹೇಳು. ಅವಳು ಬೈದ್ರೂ ಬೈಬಹುದು, ಅಲ್ಲೇ ಇದ್ದುಬಿಡು ಹಾಗಾದ್ರೆ ಅಂತ. ಬೈಲಿ.

ಅಕ್ಟೋಬರಲ್ಲಿ ನಿಮಗೆ ರಜೆ, ದೀಪಾವಳಿಗೆ ಟಿಕೆಟ್ ಮಾಡು ಅಂತ ಬರೀಲಿಕ್ಕೆ ಹೇಳಿದ್ದಾಳೆ, ಬರೆದಿದ್ದೇನೆ. ಮನಸ್ಸಿಲ್ಲದಿದ್ರೆ ನಂಗೆ ಮೊದಲು ಹೇಳು, ನಾನು ಹೇಗಾದ್ರೂ ಸುಧಾರಿಸ್ತೇನೆ. ಬರುದಾದ್ರೆ ಆ ಖನೋಮ್ ಕ್ರೋಕಿನ ಕಾವಲಿ ಒಂದು ತಾ, ಕಬ್ಬಿಣದ್ದೇ ಆಗ್ಬೇಕು, ಭಾರ ಅಂತ ಅಲ್ಲಿಯೇ ಬಿಡ್ಬೇಡ. ಅತ್ತೆಗೆ ನಾನು ಇಷ್ಟು ಸಲ ವಿವರಿಸಿದ್ರೂ ನಂಬುದಿಲ್ಲ, ಒಳಗೆ ನೀರು ನೀರು ಇದ್ರೆ ಅದು ಬೆಂದಿಲ್ಲ ಅಂತ ಲೆಕ್ಕ ಅಂತಾಳೆ.

ನಿನ್ನ
ಮಾವ